ಗೆದ್ದರೂ ಒಳಗೆ ಕೂರದವರ ಕ್ಷೇತ್ರ

1829ರ ಮೇ 15. ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಗುಮಾಸ್ತರ ಮೇಜಿನ ಮುಂದೆ ಐವತ್ತಮೂರು ವರ್ಷ ವಯಸ್ಸಿನ ವಕೀಲರೊಬ್ಬರು ನಿಂತಿದ್ದಾರೆ. ಚುನಾವಣೆ ಗೆದ್ದು ಹತ್ತು ತಿಂಗಳಾದರೂ ಅವರಿನ್ನೂ ಸದನದಲ್ಲಿ ಕೂತಿಲ್ಲ. ಕೈಗೆ ಕೊಟ್ಟ ಪ್ರಮಾಣವಚನವನ್ನು ಅವರು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಹೊರಗಿನ ಯಾವ ಧರ್ಮಗುರುವಿಗೂ ಈ ರಾಜ್ಯದಲ್ಲಿ ಅಧಿಕಾರವಿಲ್ಲ, ಕ್ಯಾಥಲಿಕರ ಬಲಿಪೂಜೆ ಬರೀ ಮೂಢನಂಬಿಕೆ, ಸಂತರ ಮೊರೆ ಹೋಗುವುದು ವಿಗ್ರಹಾರಾಧನೆ ಎಂದು ಅವರು ದೇವರ ಮುಂದೆ ಆಣೆ ಮಾಡಬೇಕು. ಅವರೇ ಕ್ಯಾಥಲಿಕರು. ಇದರಲ್ಲೊಂದು ಭಾಗ ಸುಳ್ಳೆಂದು ತನಗೆ ಗೊತ್ತಿದೆ, ಇನ್ನೊಂದು ಭಾಗ ನಿಜವಲ್ಲವೆಂದು ತನ್ನ ನಂಬಿಕೆ ಎಂದು ಹೇಳಿ ಕಾಗದವನ್ನು ಹಿಂದಿರುಗಿಸುತ್ತಾರೆ. ಸದನ ಅವರನ್ನು ಹೊರಗೆ ಕಳಿಸುತ್ತದೆ.

ಅವರು ಡ್ಯಾನಿಯಲ್ ಓಕಾನೆಲ್. ಅವರನ್ನು ಆರಿಸಿ ಕಳಿಸಿದ್ದು ಐರ್ಲೆಂಡಿನ ಪಶ್ಚಿಮ ಅಂಚಿನ ಕ್ಲೇರ್ ಜಿಲ್ಲೆ.

ದಕ್ಷಿಣಕ್ಕೂ ಪೂರ್ವಕ್ಕೂ ಶಾನನ್ ನದಿ, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ನಡುವೆ ಕಲ್ಲು, ಹುಲ್ಲುಗಾವಲು, ಆಲೂಗಡ್ಡೆಯ ತುಂಡು ಹೊಲಗಳು. ಊರೆಂದು ಹೇಳಿಕೊಳ್ಳಲು ಎನಿಸ್ ಎಂಬ ಪಟ್ಟಣ. ಇಷ್ಟೇ ಕ್ಲೇರ್. 1801ರಲ್ಲಿ ಡಬ್ಲಿನ್ನಿನ ಸಂಸತ್ತು ಮುಚ್ಚಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ವಿಲೀನವಾದಾಗ ಈ ಜಿಲ್ಲೆಗೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಎರಡು ಸ್ಥಾನ ಸಿಕ್ಕವು. 1885ರಲ್ಲಿ ಕ್ಷೇತ್ರ ಪೂರ್ವ ಕ್ಲೇರ್, ಪಶ್ಚಿಮ ಕ್ಲೇರ್ ಎಂದು ಒಡೆಯಿತು. 1922ರಲ್ಲಿ ಎರಡೂ ಬ್ರಿಟಿಷ್ ಸಂಸತ್ತಿನ ನಕ್ಷೆಯಿಂದ ಅಳಿಸಿಹೋದವು. ಈ ನೂರಿಪ್ಪತ್ತೊಂದು ವರ್ಷಗಳ ಚುನಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕ್ಲೇರ್‌ನ ಮತದಾರ ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಮರಳಿದಂತೆ ಕಾಣುತ್ತದೆ: ನಾವು ಆರಿಸಿದವರು ಸದನದ ಬಾಗಿಲು ದಾಟಲು ಯಾರ ಮುಂದೆ, ಯಾವ ಮಾತು ಹೇಳಬೇಕು?

ಓಕಾನೆಲ್ ಗೆದ್ದ ಚುನಾವಣೆ ನಡೆಯಬೇಕಾದದ್ದೇ ಅಲ್ಲ. ಕ್ಲೇರ್‌ನ ಸದಸ್ಯ ವಿಲಿಯಂ ವೆಸಿ ಫಿಟ್ಜ್‌ಜೆರಾಲ್ಡ್ ಅವರನ್ನು 1828ರ ಜೂನಿನಲ್ಲಿ ಪ್ರಧಾನಿ ವೆಲಿಂಗ್ಟನ್ ಡ್ಯೂಕ್ ತಮ್ಮ ಸಂಪುಟಕ್ಕೆ ಸೇರಿಸಿಕೊಂಡರು. ಹೀಗೆ ಮಂತ್ರಿಯಾದವರು ಸ್ಥಾನ ಬಿಟ್ಟು ಮತ್ತೆ ಜನರ ಮುಂದೆ ಹೋಗಬೇಕೆಂಬುದು ಆ ಕಾಲದ ನಿಯಮ. ಅಲ್ಲಿ ಅದು ಸಾಮಾನ್ಯವಾಗಿ ಶಾಸ್ತ್ರಕ್ಕೆ ನಡೆಯುವ ಉಪಚುನಾವಣೆ. ಫಿಟ್ಜ್‌ಜೆರಾಲ್ಡ್ ಕೆಟ್ಟ ಮನುಷ್ಯರೂ ಅಲ್ಲ. ಒಳ್ಳೆಯ ಜಮೀನ್ದಾರರೆಂಬ ಹೆಸರಿತ್ತು, ಕ್ಯಾಥಲಿಕರಿಗೆ ಹಕ್ಕು ಸಿಗಬೇಕೆಂದು ಸದನದಲ್ಲಿ ಮತ ಹಾಕಿದ್ದರು, ಅವರ ತಂದೆ ವಿಲೀನವನ್ನು ವಿರೋಧಿಸಿ ಹುದ್ದೆಯನ್ನೇ ಕಳೆದುಕೊಂಡವರು. ಆದರೆ ಅವರು ಸೇರಿದ ಸಂಪುಟ ಕ್ಯಾಥಲಿಕರಿಗೆ ಏನನ್ನೂ ಕೊಡಲು ಒಪ್ಪಿರಲಿಲ್ಲ. ಅಂಥ ಸಂಪುಟ ಸೇರುವ ಯಾರನ್ನಾದರೂ ಸರಿ, ಎದುರಿಸುತ್ತೇವೆಂದು ಓಕಾನೆಲ್‌ರ ಕ್ಯಾಥಲಿಕ್ ಸಂಘ ಮೊದಲೇ ಮಾತು ಕೊಟ್ಟಿತ್ತು. 1823ರಲ್ಲಿ ಹುಟ್ಟಿದ ಈ ಸಂಘ ತಿಂಗಳಿಗೆ ಒಂದು ಪೆನ್ನಿ ಚಂದಾ ಎತ್ತಿ ಬಡವರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಪೆನ್ನಿ ಕೊಟ್ಟವನಿಗೆ ಸಂಘ ತನ್ನದೆನಿಸಿತು.

ಕ್ಯಾಥಲಿಕರು ಸದನದಲ್ಲಿ ಕೂರುವಂತಿಲ್ಲ, ಆದರೆ ಚುನಾವಣೆಗೆ ನಿಲ್ಲಬಾರದೆಂದು ಎಲ್ಲೂ ಬರೆದಿರಲಿಲ್ಲ. ಅವರನ್ನು ತಡೆಯುತ್ತಿದ್ದದ್ದು ಗೆದ್ದ ಮೇಲಿನ ಪ್ರಮಾಣ ಮಾತ್ರ. ವಕೀಲರ ಕಣ್ಣಿಗೆ ಈ ಸಂದು ಬಿತ್ತು. ಓಕಾನೆಲ್ ತಾವೇ ಕಣಕ್ಕಿಳಿದರು.

ಮತದಾರರು ಯಾರು? 1793ರ ಕಾನೂನು ಕ್ಯಾಥಲಿಕರಿಗೂ ಮತದ ಹಕ್ಕು ಕೊಟ್ಟಿತ್ತು. ಗೇಣಿ ಕಳೆದು ವರ್ಷಕ್ಕೆ ನಲವತ್ತು ಷಿಲಿಂಗ್ ಬೆಲೆಬಾಳುವ ಹಿಡುವಳಿ ಜೀವಾವಧಿಗೆ ಇದ್ದರೆ ಸಾಕು, ಮತ ಇದೆ. ಇದನ್ನು ಕಂಡ ಧಣಿಗಳು ತಮ್ಮ ಭೂಮಿಯನ್ನು ತುಂಡುತುಂಡಾಗಿ ಹಂಚಿ ಸಾವಿರಾರು ಒಕ್ಕಲುಗಳನ್ನು ಮತದಾರರನ್ನಾಗಿ ಮಾಡಿದ್ದರು. ಮತಪೆಟ್ಟಿಗೆ ಇಲ್ಲದ ಕಾಲ ಅದು. ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಧಣಿಯ ಏಜೆಂಟ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ. ಹೇಳಿದ ಹೆಸರು ಧಣಿಗೆ ಹಿಡಿಸದಿದ್ದರೆ ಮುಂದಿನ ಗೇಣಿ ಬಾಕಿಗೆ ಮನೆಯೇ ಹೋಗಬಹುದು. ಹೀಗಿದ್ದೂ 1826ರಲ್ಲಿ ವಾಟರ್‌ಫರ್ಡ್‌ನ ಒಕ್ಕಲುಗಳು ಬೆರಸ್‌ಫರ್ಡ್ ಮನೆತನದ ಹುರಿಯಾಳನ್ನು ಸೋಲಿಸಿ ತೋರಿಸಿದ್ದರು. ಆದರೆ ಅಲ್ಲಿ ಗೆದ್ದವರು ಪ್ರಾಟೆಸ್ಟಂಟರು. ಕ್ಲೇರ್‌ನಲ್ಲಿ ನಿಂತಿರುವುದು ಕ್ಯಾಥಲಿಕರು.

ಜುಲೈ ಮೊದಲ ವಾರ ಎನಿಸ್ ಪಟ್ಟಣದಲ್ಲಿ ನಡೆದದ್ದನ್ನು ಕಂಡ ಸರ್ಕಾರಿ ಅಧಿಕಾರಿಗಳು ಹೆದರಿದ್ದು ಗಲಭೆಗಲ್ಲ, ಶಿಸ್ತಿಗೆ. ಹಳ್ಳಿ ಹಳ್ಳಿಗಳಿಂದ ಒಕ್ಕಲುಗಳು ಸಾಲುಗಟ್ಟಿ ಬಂದರು. ಮುಂದೆ ಪಾದ್ರಿಗಳು, ಕೈಯಲ್ಲಿ ಹಸಿರು ರೆಂಬೆಗಳು. ಚುನಾವಣೆ ಮುಗಿಯುವವರೆಗೆ ವಿಸ್ಕಿ ಮುಟ್ಟಕೂಡದೆಂದು ಸಂಘ ಕಟ್ಟಪ್ಪಣೆ ಮಾಡಿತ್ತು, ಜನ ಅದನ್ನು ಪಾಲಿಸಿದರು. ಓಕಾನೆಲ್‌ರ ಹೆಸರನ್ನು ಸೂಚಿಸಿದ್ದು ಓಗಾರ್ಮನ್ ಮಾನ್ ಎಂಬ ತರುಣ, ಅನುಮೋದಿಸಿದ್ದು ಟಾಮ್ ಸ್ಟೀಲ್ ಎಂಬ ಪ್ರಾಟೆಸ್ಟಂಟ್ ಜಮೀನ್ದಾರ. ಇದು ಬರೀ ಧರ್ಮದ ಜಗಳವಲ್ಲ ಎಂಬುದಕ್ಕೆ ಸ್ಟೀಲ್ ಅಲ್ಲಿದ್ದದ್ದೇ ಸಾಕ್ಷಿ. ಫಿಟ್ಜ್‌ಜೆರಾಲ್ಡ್ ವೇದಿಕೆಯ ಮೇಲೆ ಹಾಸಿಗೆ ಹಿಡಿದ ತಂದೆಯನ್ನು ನೆನೆದು ಕಣ್ಣೀರಿಟ್ಟಾಗ ಎದುರು ಪಕ್ಷದವರ ಮನಸ್ಸೂ ಕರಗಿತಂತೆ. ಮತ ಮಾತ್ರ ಕದಲಲಿಲ್ಲ. ಐದು ದಿನಗಳ ಮತದಾನ ಜುಲೈ 5ಕ್ಕೆ ಮುಗಿದಾಗ ಓಕಾನೆಲ್‌ಗೆ 2,057, ಫಿಟ್ಜ್‌ಜೆರಾಲ್ಡ್‌ಗೆ 982.

ವೆಲಿಂಗ್ಟನ್ ಮತ್ತು ಗೃಹಮಂತ್ರಿ ರಾಬರ್ಟ್ ಪೀಲ್ ಲೆಕ್ಕ ಹಾಕಿದರು. ಕ್ಲೇರ್ ಹೀಗೆ ಮಾಡಿದರೆ ಮುಂದಿನ ಚುನಾವಣೆಯಲ್ಲಿ ಹತ್ತಾರು ಜಿಲ್ಲೆಗಳು ಹೀಗೇ ಮಾಡಬಹುದು. ಗೆದ್ದವರನ್ನೆಲ್ಲ ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಐರ್ಲೆಂಡಿನಲ್ಲಿ ದಂಗೆ ಏಳದೇ ಇರುತ್ತದೆಯೇ? ಇಷ್ಟು ಕಾಲ ಕ್ಯಾಥಲಿಕರ ಹಕ್ಕಿಗೆ ಅಡ್ಡ ನಿಂತ ಇಬ್ಬರೂ ತಿರುಗಿ ನಿಂತರು. ನಿಲುವು ಬದಲಿಸಿದ್ದಕ್ಕೆ ಪೀಲ್ ತಮ್ಮ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಥಾನವನ್ನು ಬಿಟ್ಟುಕೊಟ್ಟು, ಮತ್ತೆ ಸ್ಪರ್ಧಿಸಿ ಸೋತರು. ನಾಲ್ಕನೇ ಜಾರ್ಜ್ ದೊರೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, 1829ರ ಏಪ್ರಿಲ್ 13ರಂದು ಕ್ಯಾಥಲಿಕ್ ವಿಮೋಚನೆಯ ಕಾನೂನು ಬಂತು. ಆದರೆ ಹೊಸ ಪ್ರಮಾಣವಚನ ಆ ಮೇಲೆ ಆಯ್ಕೆಯಾಗುವವರಿಗೆ ಮಾತ್ರ ಅನ್ವಯ. ಓಕಾನೆಲ್ ಅದಕ್ಕೆ ಮೊದಲೇ ಗೆದ್ದವರಾದ್ದರಿಂದ ಹಳೆಯದನ್ನೇ ಹೇಳಬೇಕು ಎಂದಿತು ಸದನ. ಅವರು ಮೇ 15ರಂದು ಹಿಂದಿರುಗಿಸಿದ ಕಾಗದ ಅದೇ. ಜುಲೈ ಕೊನೆಯಲ್ಲಿ ಕ್ಲೇರ್ ಅವರನ್ನು ಅವಿರೋಧವಾಗಿ ಇನ್ನೊಮ್ಮೆ ಆರಿಸಿತು. ಆಗ ಒಳಗೆ ಹೋಗಿ ಕೂತರು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬಾರದು. ವಿಮೋಚನೆಯ ಕಾನೂನಿಗೆ ಒಂದು ಜೋಡಿ ಕಾನೂನಿತ್ತು. ಐರ್ಲೆಂಡಿನ ಜಿಲ್ಲಾ ಕ್ಷೇತ್ರಗಳಲ್ಲಿ ಮತದ ಅರ್ಹತೆ ನಲವತ್ತು ಷಿಲಿಂಗ್‌ನಿಂದ ಹತ್ತು ಪೌಂಡಿಗೆ, ಅಂದರೆ ಐದು ಪಟ್ಟಿಗೆ ಏರಿತು. ಎರಡು ಲಕ್ಷಕ್ಕೂ ಮೇಲಿದ್ದ ಮತದಾರರ ಸಂಖ್ಯೆ ಸುಮಾರು 37,000ಕ್ಕೆ ಇಳಿಯಿತು. ಏಜೆಂಟನ ಮುಖಕ್ಕೆ ಮುಖ ಕೊಟ್ಟು ಓಕಾನೆಲ್ ಎಂದು ಕೂಗಿ ಹೇಳಿದ್ದ ಕ್ಲೇರ್‌ನ ಒಕ್ಕಲಿಗೆ ಆ ಕೂಗೇ ಕಡೆಯ ಮತವಾಯಿತು. ಓಕಾನೆಲ್ ಈ ಕ್ರಮವನ್ನು ಮಾತಿನಲ್ಲಿ ವಿರೋಧಿಸಿದರೂ ತಡೆಯಲು ಜನರನ್ನು ಎಬ್ಬಿಸಲಿಲ್ಲ. ವಿಮೋಚಕರೆಂದು ಇಡೀ ದೇಶ ಅವರನ್ನು ಕರೆಯಿತು, ಅದಕ್ಕೆ ಅವರು ಯೋಗ್ಯರೂ ಹೌದು. ಆದರೂ ಅವರ ಬದುಕಿನ ಈ ಪುಟವನ್ನು ಮಗುಚಿ ಮುಂದೆ ಹೋಗುವುದು ನ್ಯಾಯವಲ್ಲ. ಮೆಟ್ಟಿಲಾಗಿ ಬಾಗಿದವರ ಬೆನ್ನ ಮೇಲೆ ಹತ್ತಿದವರು ಮೇಲೆ ಹೋದ ಮೇಲೆ ಬಾಗಿಲು ಮುಚ್ಚಿತು.

ಮುಂದಿನ ಐವತ್ತು ವರ್ಷ ಕ್ಲೇರ್ ಹೆಚ್ಚಾಗಿ ಜಮೀನ್ದಾರರ ಮನೆತನಗಳ ಕೈಯಲ್ಲೇ ಇತ್ತು. ಮೊಹರ್ ಕಡಿಬಂಡೆಗಳ ನೆತ್ತಿಯ ಮೇಲೆ ಪ್ರವಾಸಿಗರು ಇಂದು ಫೋಟೊ ತೆಗೆಸಿಕೊಳ್ಳುವ ಗೋಪುರ ಕಟ್ಟಿಸಿದ ಕಾರ್ನೀಲಿಯಸ್ ಓಬ್ರಿಯನ್ ಈ ಕ್ಷೇತ್ರದ ಸದಸ್ಯರಾಗಿದ್ದವರು. ಬಹಿರಂಗ ಮತದಾನ ಎಷ್ಟು ರಕ್ತ ಕೇಳುತ್ತಿತ್ತೆಂಬುದು 1852ರ ಜುಲೈ 22ರಂದು ಸಿಕ್ಸ್‌ಮೈಲ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ ಕಂಡಿತು. ಧಣಿಯ ಒಕ್ಕಲುಗಳನ್ನು ಸೈನಿಕರ ಕಾವಲಿನಲ್ಲಿ ಮತಗಟ್ಟೆಗೆ ಕರೆದೊಯ್ಯುತ್ತಿದ್ದರು. ದಾರಿಗೆ ಅಡ್ಡ ಬಂದ ಜನರ ಮೇಲೆ ಗುಂಡು ಹಾರಿ ಹಲವರು ಸತ್ತರು. ಒಬ್ಬ ರೈತ ಒಂದು ಹೆಸರು ಹೇಳಲು ಹೋಗುವುದಕ್ಕೆ ಬಂದೂಕಿನ ಬೆಂಗಾವಲು ಬೇಕಾಗಿತ್ತು. ಗುಪ್ತ ಮತದಾನ ಬಂದದ್ದು ಇದಾಗಿ ಇಪ್ಪತ್ತು ವರ್ಷಕ್ಕೆ, 1872ರಲ್ಲಿ. ಆ ಕಾನೂನು ಬಂದ ಮೇಲೆ ಒಕ್ಕಲಿನ ಮತ ಧಣಿಯ ಕಿವಿಗೆ ಬೀಳುವುದು ನಿಂತಿತು.

1880ರ ಚುನಾವಣೆಯಲ್ಲಿ ಕ್ಲೇರ್ ಆರಿಸಿದ ಇಬ್ಬರೂ ವಿಶೇಷ ವ್ಯಕ್ತಿಗಳು. ಒಬ್ಬರು ಅದೇ ಓಗಾರ್ಮನ್ ಮಾನ್. 1828ರ ತರುಣ ಈಗ ಎಂಬತ್ತರ ಹತ್ತಿರದ ಮುದುಕ. ನಡುವೆ ದೇಶ ದೇಶ ಸುತ್ತಿ ಬಂದಿದ್ದರು. ಇನ್ನೊಬ್ಬರು ಕ್ಯಾಪ್ಟನ್ ವಿಲಿಯಂ ಓಷಿ. ಈ ಓಷಿಯನ್ನು, ಸ್ವರಾಜ್ಯ ಕೇಳುತ್ತಿದ್ದ ಐರಿಷ್ ಪಕ್ಷದ ನಾಯಕ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್‌ಗೆ ಪರಿಚಯಿಸಿದ್ದು ಆ ಮುದುಕರೇ. ಓಷಿಯ ಪತ್ನಿ ಕ್ಯಾಥರಿನ್ ಮತ್ತು ಪಾರ್ನೆಲ್ ನಡುವೆ ಪ್ರೀತಿ ಬೆಳೆಯಿತು. ಹತ್ತು ವರ್ಷದ ಬಳಿಕ, 1890ರಲ್ಲಿ, ಅದು ವಿಚ್ಛೇದನದ ಮೊಕದ್ದಮೆಯಾಗಿ ಕೋರ್ಟಿಗೆ ಬಂದು ಐರಿಷ್ ಪಕ್ಷವನ್ನು ಸೀಳಿ ಹಾಕಿತು. ಮರುವರ್ಷ ಪಾರ್ನೆಲ್ ತೀರಿಕೊಂಡರು.

ಆದರೆ 1880ರ ಸೆಪ್ಟೆಂಬರ್ 19ರಂದು ಪಾರ್ನೆಲ್ ಇನ್ನೂ ಏರುಮುಖದಲ್ಲಿದ್ದರು. ಅಂದು ಎನಿಸ್‌ನ ಸಭೆಯಲ್ಲಿ ಅವರೊಂದು ಪ್ರಶ್ನೆ ಕೇಳಿದರು: ಒಬ್ಬ ಒಕ್ಕಲನ್ನು ಎಬ್ಬಿಸಿದ ಜಮೀನನ್ನು ಇನ್ನೊಬ್ಬ ಗೇಣಿಗೆ ಹಿಡಿದರೆ ಅವನಿಗೆ ಏನು ಮಾಡಬೇಕು? ಗುಂಡು ಹೊಡೆಯಿರಿ ಎಂದು ಗುಂಪಿನಿಂದ ಕೂಗು ಬಂತು. ಅದಕ್ಕಿಂತ ಉತ್ತಮ ದಾರಿ ಇದೆ ಎಂದರು ಪಾರ್ನೆಲ್. ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ದೇವರ ಮನೆಯಲ್ಲೂ ಅವನನ್ನು ಒಂಟಿಯಾಗಿ ಬಿಡಿ. ಕೆಲವೇ ದಿನಗಳಲ್ಲಿ ಮೇಯೊ ಜಿಲ್ಲೆಯ ರೈತರು ಈ ಉಪಾಯವನ್ನು ಕ್ಯಾಪ್ಟನ್ ಬಾಯ್ಕಾಟ್ ಎಂಬ ಎಸ್ಟೇಟ್ ಏಜೆಂಟನ ಮೇಲೆ ಪ್ರಯೋಗಿಸಿದರು. ಕನ್ನಡ ಪತ್ರಿಕೆಗಳು ಬಹಿಷ್ಕಾರ ಎಂಬ ಮಾತಿನ ಜೊತೆಗೇ ಬಳಸುವ ಬಾಯ್ಕಾಟ್ ಎಂಬ ಪದ ಅಲ್ಲಿಂದ ಬಂದದ್ದು.

1885ರಲ್ಲಿ ಕ್ಷೇತ್ರ ಎರಡಾಯಿತು, ಮನೆಯೊಡೆಯರಾದ ಗಂಡಸರಿಗೆಲ್ಲ ಮತ ಬಂತು. ಪಕ್ಷ ಸೀಳಿದ ಮೇಲಿನ 1892ರ ಚುನಾವಣೆಯಲ್ಲಿ ಐರ್ಲೆಂಡಿನ ಬಹುಭಾಗ ಪಾರ್ನೆಲ್ ಬಣವನ್ನು ಕೈಬಿಟ್ಟಿತು. ಅವರಿಗೆ ಉಳಿದ 9 ಸ್ಥಾನಗಳಲ್ಲಿ ಪೂರ್ವ ಕ್ಲೇರ್ ಒಂದು. ಗೆದ್ದವರು ವಿಲ್ಲಿ ರೆಡ್ಮಂಡ್. ಮುಂದೆ ಐರಿಷ್ ಪಕ್ಷದ ನಾಯಕರಾದ ಜಾನ್ ರೆಡ್ಮಂಡ್‌ರ ತಮ್ಮ. ಇಪ್ಪತ್ತೈದು ವರ್ಷ ಆ ಸ್ಥಾನ ಅವರದೇ ಆಯಿತು. 1895ರ ನಂತರ ಎದುರಾಳಿಯೂ ಇರಲಿಲ್ಲ. ಪಶ್ಚಿಮ ಕ್ಲೇರ್ ಅಷ್ಟು ಸ್ಥಿರವಲ್ಲ. ಅದು 1909ರಲ್ಲಿ ಆರಿಸಿದ ಆರ್ಥರ್ ಲಿಂಚ್ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕಾದಲ್ಲಿ ಬೋಯರ್‌ಗಳ ಪರವಾಗಿ ಬ್ರಿಟಿಷರ ವಿರುದ್ಧ ಹೋರಾಡಿ, ರಾಜದ್ರೋಹಕ್ಕೆ ಮರಣದಂಡನೆ ಹೊಂದಿ, ಕ್ಷಮೆ ಪಡೆದು ಬಂದವರು.

ಮೊದಲ ಮಹಾಯುದ್ಧ ಬಂದಾಗ ವಿಲ್ಲಿ ರೆಡ್ಮಂಡ್‌ಗೆ ಐವತ್ತಮೂರು. ಐರಿಷರು ಬ್ರಿಟನ್ನಿನ ಪಕ್ಕದಲ್ಲಿ ಹೋರಾಡಿದರೆ ಸ್ವರಾಜ್ಯ ತಾನಾಗಿ ಬರುತ್ತದೆಂದು ನಂಬಿ ಸೈನ್ಯ ಸೇರಿದರು. 1917ರ ಮಾರ್ಚಿನಲ್ಲಿ ಸೈನಿಕರ ಉಡುಪಿನಲ್ಲೇ ಕಾಮನ್ಸ್ ಸಭೆಯಲ್ಲಿ ನಿಂತು, ಐರ್ಲೆಂಡಿಗೆ ಕೊಟ್ಟ ಸ್ವರಾಜ್ಯದ ಮಾತು ಉಳಿಸಿಕೊಳ್ಳಿ ಎಂದು ಬೇಡಿಕೊಂಡರು. ಜೂನ್ 7ರಂದು ಬೆಲ್ಜಿಯಂನ ಮೆಸೀನ್ಸ್ ಕಾಳಗದಲ್ಲಿ ಗಾಯಗೊಂಡು ಸತ್ತರು. ಅವರನ್ನು ರಣರಂಗದಿಂದ ಹೊತ್ತು ತಂದದ್ದು ಸ್ವರಾಜ್ಯ ಬೇಡವೆನ್ನುತ್ತ ರಾಜಕೀಯದಲ್ಲಿ ಅವರ ಕಡು ವಿರೋಧಿಗಳಾಗಿದ್ದ, ಉತ್ತರದ ಅಲ್ಸ್ಟರ್ ಪಡೆಯವರು. ಐರ್ಲೆಂಡಿನ ಎರಡು ಬಣಗಳು ಕೂಡಿ ಬಾಳಬಹುದೆಂಬ ಕನಸಿಗೆ ಇದಕ್ಕಿಂತ ಮನ ಕಲಕುವ ಚಿತ್ರ ಸಿಗಲಾರದು. ಆದರೆ ತಿಂಗಳು ತುಂಬಿ ಮೂರು ದಿನಕ್ಕೆ ಅವರ ಕ್ಷೇತ್ರದಲ್ಲೇ ಆ ಕನಸಿಗೆ ಸೋಲಾಯಿತು.

ಏಕೆಂದರೆ ನಡುವೆ 1916 ಬಂದುಹೋಗಿತ್ತು. ಈಸ್ಟರ್ ವಾರದ ಡಬ್ಲಿನ್ ದಂಗೆ, ಅದರ ಬೆನ್ನಿಗೆ ನಾಯಕರನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೊಂದ ದಿನಗಳು. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಆಗ ಡಬ್ಲಿನ್ನಿನಲ್ಲಿ ಕಾನೂನು ವಿದ್ಯಾರ್ಥಿ. ಅವರು ಐರ್ಲೆಂಡ್ ಬಿಟ್ಟು ಬಂದದ್ದೂ ಆ ವರ್ಷವೇ. ದಂಗೆಯಲ್ಲಿ ಬೋಲಂಡ್ ಗಿರಣಿಯ ಠಾಣೆಯನ್ನು ಹಿಡಿದಿದ್ದ ಗಣಿತದ ಮೇಷ್ಟರು ಏಮನ್ ಡಿ ವೆಲೆರಾ. ಅವರ ಮರಣದಂಡನೆ ಜೀವಾವಧಿಗೆ ಇಳಿಯಿತು. 1917ರ ಜೂನ್ ಮಧ್ಯದಲ್ಲಿ ಬಿಡುಗಡೆಯಾಗಿ ಬಂದವರೇ ಪೂರ್ವ ಕ್ಲೇರ್‌ನಲ್ಲಿ ಷಿನ್ ಫೇನ್ ಎಂಬ ಸ್ವಾತಂತ್ರ್ಯವಾದಿ ಪಕ್ಷದ ಹುರಿಯಾಳಾದರು. ಗೆದ್ದರೆ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವುದಿಲ್ಲ ಎಂಬುದೇ ಪಕ್ಷದ ವಾಗ್ದಾನ. ಅಲ್ಲಿನ ದೊರೆಗೆ ನಿಷ್ಠೆಯ ಪ್ರಮಾಣ ಬೇಡ, ಅಲ್ಲಿನ ಆಸನವೂ ಬೇಡ. ಓಕಾನೆಲ್‌ರನ್ನು ಸದನ ಹೊರಗಿಟ್ಟಿತ್ತು, ಇವರು ಸದನವನ್ನೇ ತಮ್ಮಿಂದ ಹೊರಗಿಟ್ಟರು.

ಎದುರಾಳಿ ಪ್ಯಾಟ್ರಿಕ್ ಲಿಂಚ್ ಆ ಸೀಮೆಯವರೇ, ಹೆಸರಾಂತ ವಕೀಲರು. ನ್ಯೂಯಾರ್ಕಿನಲ್ಲಿ ಹುಟ್ಟಿದ, ಕ್ಲೇರ್‌ಗೆ ಹೊಸಬರಾದ ಡಿ ವೆಲೆರಾ ಅವರಿಗೆ ಸಾಟಿಯಲ್ಲ ಎಂದುಕೊಂಡವರು ಇದ್ದರು. ಜುಲೈ 10ರ ಮತದಾನದಲ್ಲಿ ಡಿ ವೆಲೆರಾಗೆ 5,010, ಲಿಂಚ್‌ಗೆ 2,035. ಈ ಅಂಕಿಯನ್ನು ಓದುವಾಗ ಒಂದು ಸಂಗತಿ ಮರೆಯಬಾರದು. ಮತದಾರರ ಪಟ್ಟಿ ಯುದ್ಧಕ್ಕೂ ಹಿಂದಿನದು, ಹೆಂಗಸರಿಗೆ ಮತ ಇರಲಿಲ್ಲ, ಮನೆಯೊಡೆಯರಲ್ಲದ ತರುಣರಿಗೂ ಇರಲಿಲ್ಲ. ಬೀದಿಯಲ್ಲಿ ಬಾವುಟ ಹಿಡಿದು ಕೂಗಿದ ಹುಡುಗರಲ್ಲ, ಇಪ್ಪತ್ತು ವರ್ಷ ರೆಡ್ಮಂಡ್‌ರನ್ನು ಎದುರಿಲ್ಲದೆ ಕಳಿಸಿದ್ದ ಮಧ್ಯವಯಸ್ಸಿನ ರೈತರು ಮತ್ತು ಅಂಗಡಿಕಾರರೇ ಈ ಫಲಿತಾಂಶ ಕೊಟ್ಟರು. ಆ ವರ್ಷ ಷಿನ್ ಫೇನ್‌ಗೆ ಉತ್ತರ ರೋಸ್‌ಕಾಮನ್, ದಕ್ಷಿಣ ಲಾಂಗ್‌ಫರ್ಡ್‌ಗಳಲ್ಲಿ ಮೊದಲೇ ಗೆಲುವು ಸಿಕ್ಕಿತ್ತು. ಲಾಂಗ್‌ಫರ್ಡ್‌ನ ಅಂತರ ಬರೀ 37 ಮತ. ಅಲ್ಲಿ ಅದೃಷ್ಟ ಎನ್ನಬಹುದಿತ್ತು, ಕ್ಲೇರ್‌ನಲ್ಲಿ ಹಾಗೆನ್ನಲು ಆಗಲಿಲ್ಲ. ಅಕ್ಟೋಬರಿನಲ್ಲಿ ಡಿ ವೆಲೆರಾ ಪಕ್ಷದ ಅಧ್ಯಕ್ಷರಾದರು.

1918ರ ಡಿಸೆಂಬರಿನ ಮಹಾಚುನಾವಣೆಯಲ್ಲಿ ಎರಡೂ ಕ್ಲೇರ್‌ಗಳಲ್ಲಿ ಷಿನ್ ಫೇನ್ ಅವಿರೋಧ. ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಅವರದಾದವು. ಲಂಡನ್ನಿಗೆ ಹೋಗದ ಈ ಸದಸ್ಯರು 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮದೇ ಸಂಸತ್ತು ಸೇರಿಸಿದರು, ಅದಕ್ಕೆ ಡಾಯಿಲ್ ಎಂದು ಹೆಸರಿಟ್ಟರು. ಪೂರ್ವ ಕ್ಲೇರ್‌ನ ಸದಸ್ಯರು ಆ ದಿನ ಇಂಗ್ಲೆಂಡಿನ ಲಿಂಕನ್ ಜೈಲಿನಲ್ಲಿದ್ದರು. ಎರಡು ವಾರದಲ್ಲಿ ನಕಲಿ ಬೀಗದ ಕೈಯಿಂದ ಬಾಗಿಲು ತೆಗೆದು ಪಾರಾದರು.

ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರಗಳು 1922ರಲ್ಲಿ ಮುಗಿದರೂ ಪ್ರಮಾಣದ ಕತೆ ಮುಗಿಯಲಿಲ್ಲ. 1921ರ ಡಿಸೆಂಬರಿನ ಒಪ್ಪಂದ ಐರ್ಲೆಂಡಿಗೆ ಸ್ವತಂತ್ರ ರಾಜ್ಯ ಕೊಟ್ಟಿತು, ಜೊತೆಗೆ ಡಾಯಿಲ್ ಸದಸ್ಯರು ಬ್ರಿಟಿಷ್ ದೊರೆಗೆ ನಿಷ್ಠರಾಗಿರುವ ಮಾತು ಕೊಡಬೇಕೆಂಬ ಷರತ್ತನ್ನೂ ಕೊಟ್ಟಿತು. ಪಕ್ಷ ಒಡೆಯಿತು, ಅಂತರ್ಯುದ್ಧವಾಯಿತು, ಅಣ್ಣ ತಮ್ಮಂದಿರು ಎದುರು ಬದುರಾದರು. ಒಂದು ವಾಕ್ಯಕ್ಕಾಗಿ ಇಷ್ಟೆಲ್ಲವೇ ಎಂದು ಹೊರಗಿನವರಿಗೆ ಅನಿಸಬಹುದು. ಓಕಾನೆಲ್ ಹಿಂದಿರುಗಿಸಿದ ಕಾಗದ ನೆನಪಿದ್ದ ಊರಿನಲ್ಲಿ ಹಾಗನ್ನಿಸುವುದು ಕಷ್ಟ.

1923ರ ಆಗಸ್ಟ್ 15. ಒಪ್ಪಂದವನ್ನು ವಿರೋಧಿಸಿ ಸೋತ ಬಣದ ನಾಯಕ ಡಿ ವೆಲೆರಾ ತಲೆಮರೆಸಿಕೊಂಡಿದ್ದವರು ಎನಿಸ್‌ನ ಚುನಾವಣಾ ಸಭೆಯಲ್ಲಿ ಕಾಣಿಸಿಕೊಂಡು ಮಾತು ಶುರು ಮಾಡಿದರು. ಸ್ವತಂತ್ರ ರಾಜ್ಯದ ಸೈನಿಕರು ವೇದಿಕೆಯಿಂದಲೇ ಅವರನ್ನು ಹಿಡಿದೊಯ್ದರು. ಕ್ಲೇರ್ ಆ ಹೊತ್ತಿಗೆ ಬಹುಸದಸ್ಯ ಕ್ಷೇತ್ರ. ಮತದಾರರು ಹುರಿಯಾಳುಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯದ ಅಂಕಿ ಕೊಡುವ ಪದ್ಧತಿ. ವಿಧಾನಸೌಧದಲ್ಲಿ ಶಾಸಕರು ರಾಜ್ಯಸಭೆಗೆ ಮತ ಹಾಕುವುದೂ ಇದೇ ಕ್ರಮದಲ್ಲಿ. ನಿಗದಿತ ಕೋಟಾ ದಾಟಿದವರ ಹೆಚ್ಚುವರಿ ಮತ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಜೈಲಿನಲ್ಲಿದ್ದ ಡಿ ವೆಲೆರಾಗೆ 17,762 ಮೊದಲ ಪ್ರಾಶಸ್ತ್ಯದ ಮತ ಬಿದ್ದವು. ಸರ್ಕಾರದ ಮಂತ್ರಿ ಓಯಿನ್ ಮಕ್‌ನೀಲ್‌ಗೆ 8,196. ಮರುವರ್ಷ ಬಿಡುಗಡೆಯಾದ ಮೇಲೆ ಅದೇ ಆಗಸ್ಟ್ 15ರಂದು ಅವರು ಎನಿಸ್‌ಗೆ ಬಂದು, ಅರ್ಧಕ್ಕೆ ನಿಂತ ಭಾಷಣವನ್ನು ಮುಂದುವರಿಸಿದರು.

ಆದರೂ ಆಸನ ಖಾಲಿ. ಗೆದ್ದವರು ಪ್ರಮಾಣ ಒಲ್ಲೆವೆಂದು ಹೊರಗೇ ಉಳಿದರು. ವರ್ಷಗಳು ಕಳೆದಂತೆ ಇದರಿಂದ ಆಗುವುದೇನೆಂಬ ಪ್ರಶ್ನೆ ಅವರ ಬಣದಲ್ಲೇ ಎದ್ದಿತು. 1926ರಲ್ಲಿ ಡಿ ವೆಲೆರಾ ಹೊರಬಂದು ಫಿಯನ್ನಾ ಫಾಲ್ ಪಕ್ಷ ಕಟ್ಟಿದರು. 1927ರ ಜುಲೈನಲ್ಲಿ ಮಂತ್ರಿ ಕೆವಿನ್ ಓಹಿಗಿನ್ಸ್ ಅವರ ಕೊಲೆಯಾಯಿತು. ಗೆದ್ದರೆ ಪ್ರಮಾಣ ಸ್ವೀಕರಿಸುತ್ತೇನೆಂದು ಹುರಿಯಾಳುಗಳು ಮೊದಲೇ ಬರೆದುಕೊಡಬೇಕೆಂಬ ಕಾನೂನನ್ನು ಸರ್ಕಾರ ತಂದಿತು. ಇನ್ನು ಹೊರಗೆ ನಿಂತರೆ ಚುನಾವಣೆಯಿಂದಲೇ ಹೊರಗೆ.

ಆ ಆಗಸ್ಟಿನಲ್ಲಿ ಕ್ಲೇರ್‌ನ ಸದಸ್ಯ ಡಿ ವೆಲೆರಾ ಡಬ್ಲಿನ್ನಿನ ಡಾಯಿಲ್ ಗುಮಾಸ್ತರ ಕೋಣೆಗೆ ಹೋದರು. ಮೇಜಿನ ಮೇಲಿದ್ದ ಬೈಬಲ್ಲನ್ನು ಎತ್ತಿ ದೂರ ಇಟ್ಟರು. ತಾನು ಯಾವ ಪ್ರಮಾಣವನ್ನೂ ಮಾಡುತ್ತಿಲ್ಲ, ಒಳಗೆ ಹೋಗಲು ಬೇಕಾದ ಶಾಸ್ತ್ರಕ್ಕೆ ಹೆಸರು ಬರೆಯುತ್ತಿದ್ದೇನೆ ಅಷ್ಟೇ ಎಂದು ಹೇಳಿ, ಪ್ರಮಾಣದ ಸಾಲುಗಳನ್ನು ಕಾಗದದಿಂದ ಮುಚ್ಚಿ ಪುಸ್ತಕದಲ್ಲಿ ಸಹಿ ಹಾಕಿದರು. ಇದನ್ನು ಕೈಚಳಕ ಎಂದು ಬಯ್ದವರಿದ್ದಾರೆ. ಅಂತರ್ಯುದ್ಧಕ್ಕೂ ಮೊದಲೇ ಈ ಸಹಿ ಹಾಕಬಹುದಿತ್ತಲ್ಲ ಎಂದು ಕೇಳಿದವರೂ ಇದ್ದಾರೆ, ಸತ್ತವರ ಮನೆಯವರಿಗೆ ಆ ಪ್ರಶ್ನೆ ಕೇಳುವ ಹಕ್ಕಿತ್ತು. ಆದರೆ ಆ ಸಹಿಯಿಂದ ಐರ್ಲೆಂಡಿನ ಅರ್ಧ ರಾಜಕೀಯ ಬಂದೂಕಿನಿಂದ ಮತಪೆಟ್ಟಿಗೆಗೆ ಮರಳಿತೆಂಬುದೂ ನಿಜ. 1932ರಲ್ಲಿ ಫಿಯನ್ನಾ ಫಾಲ್ ಅಧಿಕಾರಕ್ಕೆ ಬಂತು, 1933ರಲ್ಲಿ ಪ್ರಮಾಣವಚನವನ್ನು ಕಾನೂನಿನ ಮೂಲಕ ಕಿತ್ತುಹಾಕಿತು.

ಎನಿಸ್ ಪೇಟೆಯ ನಡುವೆ, ಹಳೆಯ ನ್ಯಾಯಾಲಯ ಇದ್ದ ಜಾಗದಲ್ಲಿ, ಎತ್ತರದ ಕಂಬದ ಮೇಲೆ ಓಕಾನೆಲ್ ನಿಂತಿದ್ದಾರೆ. ಈಗಿನ ನ್ಯಾಯಾಲಯದ ಮುಂದೆ ಡಿ ವೆಲೆರಾ. 1959ರಲ್ಲಿ ಅವರು ರಾಷ್ಟ್ರಪತಿಯಾಗುವವರೆಗೆ, ನಲವತ್ತೆರಡು ವರ್ಷ ಒಂದೇ ಸಮನೆ ಕ್ಲೇರ್ ಅವರನ್ನು ಆರಿಸುತ್ತ ಬಂತು. 1917ರಲ್ಲಿ ಅವರಿಗೆ ಸೋತ ಪ್ಯಾಟ್ರಿಕ್ ಲಿಂಚ್ 1936ರಲ್ಲಿ ಅವರದೇ ಸರ್ಕಾರದ ಅಟಾರ್ನಿ ಜನರಲ್ ಆದರು. ಮರುವರ್ಷ ದೇಶ ಒಪ್ಪಿಕೊಂಡ ಹೊಸ ಸಂವಿಧಾನದಲ್ಲಿ ಡಾಯಿಲ್ ಸದಸ್ಯರು ಹೇಳಬೇಕಾದ ಪ್ರಮಾಣವಚನ ಎಂಬುದಿಲ್ಲ. ಇಂದು ಕ್ಲೇರ್‌ನಿಂದ ಗೆದ್ದವರು ಸದಸ್ಯರ ಪಟ್ಟಿಯಲ್ಲಿ ಹೆಸರು ಬರೆದು ಒಳಗೆ ಹೋಗಿ ಕೂರುತ್ತಾರೆ.